ಬಂದವರು ಕಲಿಯಲಿ, ಇದ್ದವರು ಹೊರಡಲಿ

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರೇಷಿತ ಭಾನುವಾರದ ಸಡಗರ ಆರಂಭವಾಗುತ್ತದೆ. ಬಲಿಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲಿ ಚಿಕ್ಕದೊಂದು ಜಾತ್ರೆಯೇ ನೆರೆಯುತ್ತದೆ. ಮನೆಯಲ್ಲಿ ಮಾಡಿ ತಂದ ತಿಂಡಿ, ಹಿತ್ತಲಲ್ಲಿ ಬೆಳೆದ ಬಾಳೆಗೊನೆ, ಕುಂಬಳಕಾಯಿ, ಒಂದೆರಡು ನಾಟಿಕೋಳಿ ಎಲ್ಲವೂ ಹರಾಜಾಗುತ್ತವೆ. ನೂರು ರೂಪಾಯಿಯ ಕಾಯಿ ಸಾವಿರಕ್ಕೆ ಹೋದರೆ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. 1926ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ಇಡೀ ಧರ್ಮಸಭೆಗೆ ಗೊತ್ತುಪಡಿಸಿದ ಈ ದಿನದ ಕಾಣಿಕೆ ದೂರದೇಶಗಳ ಬಡ ಧರ್ಮಪ್ರಾಂತ್ಯಗಳಿಗೆ ಸಲ್ಲುತ್ತದೆ. ಒಳ್ಳೆಯದೇ. ಆದರೆ ಹಣದ ಡಬ್ಬಿ ಮುಚ್ಚಿದ ಮೇಲೆ ಪ್ರೇಷಿತ ಕಾರ್ಯವೂ ಮುಗಿಯಿತೆಂದು ಮನೆಗೆ ಮರಳುವ ನಮ್ಮ ಅಭ್ಯಾಸವನ್ನು ಕುರಿತು ಈ ಸಲ ನಾಲ್ಕು ಮಾತು ಹೇಳಬೇಕೆನಿಸಿದೆ.

ಹೀಗೆನಿಸಲು ಕಾರಣರಾದವರು ನಮ್ಮ ನಡುವೆ ಬಂದಿದ್ದು ಹೋಗುವ ಕೆಲವು ಪರದೇಶದ ತರುಣ ತರುಣಿಯರು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯ ಓದುಗರು ಇವರನ್ನು ಕಂಡಿರಬಹುದು. ಹದಿನೆಂಟು ಇಪ್ಪತ್ತರ ಪ್ರಾಯ. ಬೆನ್ನಮೇಲೆ ದೊಡ್ಡದೊಂದು ಚೀಲ. ಮೈಮೇಲೆ ಅಳತೆ ಸರಿಹೊಂದದ ಹೊಸ ಚೂಡಿದಾರವೋ ಖಾದಿ ಜುಬ್ಬವೋ. ಮಕ್ಕಳ ವಸತಿನಿಲಯದಲ್ಲೋ ವೃದ್ಧಾಶ್ರಮದಲ್ಲೋ ಆರು ತಿಂಗಳು, ಒಂದು ವರ್ಷ ಸೇವೆ ಮಾಡಲು ಬಂದವರು. ಜರ್ಮನಿಯ ಸರ್ಕಾರ 2008ರಲ್ಲಿ ಇಂಥವರಿಗಾಗಿಯೇ ಒಂದು ಯೋಜನೆ ಆರಂಭಿಸಿತು. ಅದಕ್ಕೂ ಮೊದಲು, 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಲ್ಲುವ ತನಕ, ಸೈನ್ಯಕ್ಕೆ ಹೋಗಲೊಲ್ಲದ ಅಲ್ಲಿನ ಯುವಕರು ಬದಲಿ ಸೇವೆಯಾಗಿ ಹೊರದೇಶದ ಇಂಥ ನಿಲಯಗಳಿಗೆ ಬರುವುದು ಸಾಧ್ಯವಿತ್ತು. ಸಲೇಸಿಯನ್ ಸಭೆಯವರೂ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯವರೂ ತಮ್ಮ ದೇಶದ ಗೃಹಸ್ಥ ಯುವಜನರನ್ನು ಏಷ್ಯಾಕ್ಕೆ ಕಳುಹಿಸುವ ವ್ಯವಸ್ಥೆ ಮಾಡಿಕೊಂಡಿದ್ದಾರೆ.

ಇವರ ಬಗ್ಗೆ ನಮ್ಮ ಜನರಲ್ಲಿ ಮೂರು ಬಗೆಯ ಅಭಿಪ್ರಾಯಗಳಿವೆ. ದೇವಾಲಯದೊಳಗಿರುವವರಿಗೆ ಇವರು ತ್ಯಾಗಮೂರ್ತಿಗಳು. ಹೊರಗಿರುವ ಕೆಲವರಿಗೆ ಮತಾಂತರ ಮಾಡಿಸಲು ಬಂದವರು. ಉಳಿದವರಿಗೆ ರಜೆ ಕಳೆಯಲು ಬಂದ ಪ್ರವಾಸಿಗರು. ಕೆಲವು ವರ್ಷಗಳಿಂದ ಸಂಜೆಯ ಪಾಠಕ್ಕೆಂದು ಹೆಬ್ಬಾಳದಾಚೆಯ ಒಂದು ವಸತಿನಿಲಯಕ್ಕೆ ಹೋಗಿಬರುತ್ತಿರುವ ನಮಗೆ ಈ ಮೂರೂ ಅಭಿಪ್ರಾಯಗಳು ಸತ್ಯಕ್ಕೆ ದೂರವೆಂದು ತೋರಿದೆ. ಅವರ ದಿನ ಹೇಗೆ ಸಾಗುತ್ತದೆಂಬುದನ್ನು ನೋಡಿದವರು ಹೀಗೆಲ್ಲ ಹೇಳಲಾರರು.

ಒಂದು ದಿನದ ಲೆಕ್ಕ

ಬೆಳಗಿನ ಐದೂವರೆಗೆ ಗಂಟೆ ಹೊಡೆಯುತ್ತದೆ. ಟ್ಯಾಂಕರಿನ ನೀರು ಎಷ್ಟಿದೆಯೆಂದು ನೋಡಿಕೊಂಡೇ ಸ್ನಾನಕ್ಕೆ ಇಳಿಯಬೇಕು. ತಲೆಗೊಂದು ಬಕೆಟ್, ಅಷ್ಟೆ. ನಲ್ಲಿಯ ಮುಂದೆ ಸಾಲುನಿಂತ ಮಕ್ಕಳ ಮುಖ ತೊಳೆಸಿ, ಹೆಣ್ಣುಮಕ್ಕಳ ತಲೆಯ ಹೇನು ತೆಗೆದು ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವಷ್ಟರಲ್ಲಿ ತಿಂಡಿಯ ಹೊತ್ತು. ಉಪ್ಪಿಟ್ಟೋ ಚಿತ್ರಾನ್ನವೋ ಬಡಿಸಿ, ಅವರನ್ನು ಶಾಲೆಗೆ ಸಾಗಹಾಕಿ ಬಂದರೆ, ಅಡುಗೆಯ ಅಮ್ಮನೊಡನೆ ಮೊರದಲ್ಲಿ ಅಕ್ಕಿ ಆರಿಸುವ ಕೆಲಸ. ಮಧ್ಯಾಹ್ನ ಕಲ್ಲಿನ ಮೇಲೆ ಬಟ್ಟೆ ಒಗೆತ. ಸಂಜೆ ನಾಲ್ಕೂವರೆಗೆ ಮಕ್ಕಳು ಮರಳಿದರೆ ಲಗೋರಿ, ಕುಂಟಾಬಿಲ್ಲೆ. ಆರು ಗಂಟೆಗೆ ಓದು, ಏಳೂವರೆಗೆ ಜಪಸರ, ಎಂಟಕ್ಕೆ ಮುದ್ದೆ ಸಾರು. ನಡುರಾತ್ರಿ ಯಾವುದಾದರೂ ಮಗುವಿಗೆ ಜ್ವರ ಬಂದರೆ ಸಿಸ್ಟರ್ ಜೊತೆ ಆಟೋ ಹಿಡಿದು ಆಸ್ಪತ್ರೆಗೆ ಓಡಬೇಕು. ಇದೇ ಅವರ ಧರ್ಮಪ್ರಚಾರ. ಇದರಲ್ಲಿ ಪ್ರಚಾರಕ್ಕೆ ಬಿಡುವೆಲ್ಲಿದೆ?

ಅಲ್ಲದೆ ಕಾನೂನಿನ ಕಟ್ಟುಗಳೂ ಸಣ್ಣವಲ್ಲ. ದೀರ್ಘಾವಧಿಗೆ ಬಂದವರು 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ತಮ್ಮ ವಿವರ ಸಲ್ಲಿಸಬೇಕು. ಧರ್ಮಪ್ರಚಾರಕರಿಗೆ ಪ್ರತ್ಯೇಕ ವೀಸಾ ಇದೆ. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಬೋಧನೆ ಮಾಡುವಂತಿಲ್ಲ. ಈ ನಿಯಮಗಳನ್ನು ಪಾಲಿಸುವುದರಲ್ಲಿ ನಮ್ಮ ಸಂಸ್ಥೆಗಳು ಒಂದಿಷ್ಟೂ ಸಡಿಲಗೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಸೇವೆಯ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ನೆರೆಯವರ ಸಂಶಯಕ್ಕೆ ನಾವೇ ಆಹಾರ ಒದಗಿಸಿದಂತಾಗುತ್ತದೆ.

ಮೊದಲ ಎರಡು ಮೂರು ತಿಂಗಳು ಇವರಿಂದ ಯಾರಿಗೂ ಹೆಚ್ಚಿನ ಪ್ರಯೋಜನವಿಲ್ಲ. ಇದನ್ನು ನಾವು ಹೇಳುತ್ತಿಲ್ಲ, ಅವರೇ ಒಪ್ಪಿಕೊಳ್ಳುತ್ತಾರೆ. ದಕ್ಷಿಣ ಜರ್ಮನಿಯ ಒಂದು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಬಟ್ಟೆ ಒಗೆಯಲು ಕುಳಿತರೆ ಸೋಪೂ ನೀರೂ ಮುಗಿಯುತ್ತಿದ್ದವು, ಕೊಳೆ ಮಾತ್ರ ಉಳಿಯುತ್ತಿತ್ತು. ಏಳು ವರ್ಷದ ಹುಡುಗಿ ಬಂದು, ಕಲ್ಲಿಗೆ ಹೇಗೆ ಬಡಿಯಬೇಕು, ಹೇಗೆ ಹಿಂಡಬೇಕು ಎಂದು ಕಲಿಸಿದಳು. ನಾಲ್ಕನೆಯ ತರಗತಿಯ ಕನ್ನಡ ಪುಸ್ತಕ ಹಿಡಿದು ಬಂದ ಮಗುವಿಗೆ ಪಾಠ ಹೇಳಿಕೊಡಬೇಕಾದವಳು ಆ ಮಗುವಿನಿಂದಲೇ ಅಆಇಈ ತಿದ್ದಿಸಿಕೊಂಡಳು. 'ಕೊಡಲು ಬಂದೆ, ಬರೀ ತೆಗೆದುಕೊಳ್ಳುತ್ತಿದ್ದೇನೆ' ಎಂದು ಆಕೆ ಒಂದು ಸಂಜೆ ಸಂಕೋಚದಿಂದ ಹೇಳಿದಳು. ಆಕೆಯ ನಿಜವಾದ ಸೇವೆ ಅಂದು ಆರಂಭವಾಯಿತೆಂದು ನಾವು ತಿಳಿದಿದ್ದೇವೆ.

ನಿಲಯದ ಮಕ್ಕಳಲ್ಲಿ ಬಹುಮಂದಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಅವರ ತಂದೆತಾಯಿಗಳು ಜಕ್ಕೂರು, ಥಣಿಸಂದ್ರ, ಯಲಹಂಕದ ಬಹುಮಹಡಿ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವವರು. ಹಾಗಾಗಿ ಆ ಹುಡುಗಿಗೆ ಬಂದದ್ದು ಬೆಂಗಳೂರಿನ ಕನ್ನಡವಲ್ಲ. 'ಹೆಂಗದೀರಿ, ಊಟ ಆತೇನ್ರಿ' ಎಂದು ಆಕೆ ಅಂಗಡಿಯವನನ್ನು ಮಾತನಾಡಿಸಿದಾಗ ಸುತ್ತಲಿದ್ದವರು ನಕ್ಕರು. ಅಂಗಡಿಯ ಮೂಲೆಯಲ್ಲಿ ಮೂಟೆ ಇಳಿಸುತ್ತಿದ್ದ ಹಮಾಲಿಯೊಬ್ಬ ಮಾತ್ರ ನಗಲಿಲ್ಲ. ಮೂಟೆ ಕೆಳಗಿಟ್ಟು, 'ಯಾವೂರವ್ವಾ ನಿಂದು?' ಎಂದು ಕೇಳಿದ. ನಾವು ಆ ಅಂಗಡಿಗೆ ಹತ್ತು ವರ್ಷದಿಂದ ಹೋಗುತ್ತಿದ್ದೇವೆ. ಆತ ಯಾವ ಊರಿನವನೆಂದು ನಾವೂ ಕೇಳಿರಲಿಲ್ಲ, ನಮ್ಮನ್ನು ಆತನೂ ಕೇಳಿರಲಿಲ್ಲ.

ಹಿರಿಯರು ಹಾಕಿಕೊಟ್ಟ ದಾರಿ

ಕಡಲಾಚೆಯಿಂದ ಬಂದ ತರುಣರು ಈ ನಾಡಿಗೆ ಹೊಸಬರಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಈ ನೆಲದ ಸಂನ್ಯಾಸಿಗಳ ಉಡುಗೆ ತೊಟ್ಟರು, ಕನ್ನಡ ಕಲಿತರು, ಕನ್ನಡಕ್ಕೆ ವ್ಯಾಕರಣ, ಪದಕೋಶ, ಧರ್ಮೋಪದೇಶದ ಪುಸ್ತಕಗಳನ್ನು ರಚಿಸಿದರು. ಬೋಧಿಸುವ ಮೊದಲು ಅವರು ವಿದ್ಯಾರ್ಥಿಯಾಗಿದ್ದರು.

1792ರಲ್ಲಿ ಫ್ರಾನ್ಸಿನಿಂದ ಹೊರಟ ಗುರು ದ್ಯುಬ್ವಾ ಅವರಿಗೆ ಆಗ ಇಪ್ಪತ್ತಾರರ ಪ್ರಾಯ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಹಾಸನದ ಬಳಿಯ ಶೆಟ್ಟಿಹಳ್ಳಿ, ಸಾತಹಳ್ಳಿಗಳ ಕಡೆ ಅವರ ನೆನಪು ಇಂದಿಗೂ ಇದೆ. ಈ ನಾಡಿನ ಉಡುಗೆ ಉಟ್ಟು, ಇಲ್ಲಿಯ ಆಹಾರ ಉಂಡು ಬಾಳಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದೇ ಕರೆದರು. ಸಿಡುಬಿಗೆ ಲಸಿಕೆ ಬಂದ ಹೊಸತರಲ್ಲಿಯೇ ಅದನ್ನು ಮೈಸೂರು ಸೀಮೆಯ ಸಾವಿರಾರು ಜನರಿಗೆ ಹಾಕಿಸಲು ಶ್ರಮಪಟ್ಟವರು ಅವರು. ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ಮರಳಿದರು, ಮತ್ತೆ ಬರಲಿಲ್ಲ.

ಆದರೆ ಹಿರಿಯರನ್ನು ನೆನೆಯುವಾಗ ಅವರ ಕೊರತೆಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ದ್ಯುಬ್ವಾ ಅವರು ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಸೂಕ್ಷ್ಮ ಅವಲೋಕನಗಳ ಪಕ್ಕದಲ್ಲಿಯೇ ಈ ದೇಶದ ಜನರ ಬಗ್ಗೆ ಕಟುವಾದ, ಅನೇಕ ಕಡೆ ಅನ್ಯಾಯವಾದ ತೀರ್ಪುಗಳೂ ಇವೆ. ಕೊನೆಗೆ ಅವರು ಇಲ್ಲಿಯ ಪ್ರೇಷಿತ ಕಾರ್ಯವೇ ನಿಷ್ಫಲವೆಂಬ ನಿರಾಶೆಯಲ್ಲಿ ಮರಳಿದರು. ಅಷ್ಟು ವರ್ಷ ಜನರೊಡನೆ ಉಂಡುಟ್ಟವರಿಗೇ ಹೀಗಾದರೆ, ಆರು ತಿಂಗಳಿಗೆ ಬಂದವರು ಊರಿಗೆ ಮರಳಿ ಭಾರತವನ್ನು ವಿವರಿಸಹೊರಟಾಗ ಎಷ್ಟು ಎಚ್ಚರವಿರಬೇಕು! ತಿಪ್ಪೆಯ ಪಕ್ಕದಲ್ಲಿ ನಿಂತ ಮಗುವಿನ ಚಿತ್ರ ಮಾತ್ರ ತೋರಿಸಿ, ಅದೇ ಮಗು ತನಗೆ ಅಕ್ಷರ ಕಲಿಸಿದ್ದನ್ನು ಹೇಳದಿದ್ದರೆ ಅದು ಅರ್ಧಸತ್ಯ. ಅರ್ಧಸತ್ಯದಿಂದ ಕಾಣಿಕೆ ಹೆಚ್ಚು ಬಂದೀತು, ಗೌರವ ಬಾರದು.

ನಮ್ಮ ಸಭೆಯವರಲ್ಲದಿದ್ದರೂ ಕನ್ನಡಿಗರೆಲ್ಲರೂ ಋಣಿಯಾಗಿರುವ ಫರ್ಡಿನೆಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅಂದರೆ ನಾಲ್ಕು ದಶಕಗಳ ತಾಳ್ಮೆ. ಅದಕ್ಕೂ ಮೊದಲು 1855ರಲ್ಲಿ ಮತ್ತು 1861ರಲ್ಲಿ ನಮ್ಮ ಕಥೋಲಿಕ ಗುರುಗಳ ಪರಿಶ್ರಮದಿಂದ ಕನ್ನಡ–ಲ್ಯಾಟಿನ್, ಲ್ಯಾಟಿನ್–ಕನ್ನಡ ನಿಘಂಟುಗಳು ಬೆಂಗಳೂರಿನಲ್ಲಿಯೇ ಅಚ್ಚಾಗಿದ್ದವು. ಇಂದು ನಮ್ಮ ಯುವಜನರಲ್ಲಿ ಎಷ್ಟು ಮಂದಿಗೆ ಅವುಗಳ ಹೆಸರು ಗೊತ್ತು?

ಇನ್ನು ನಮ್ಮ ಹೆಬ್ಬಾಳದ ಉದಾಹರಣೆಯೇ ಇದೆ. ಬಳ್ಳಾರಿ ರಸ್ತೆಯ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಆರಂಭವಾದಾಗ ಸುತ್ತಮುತ್ತ ಹೊಲ ತೋಟಗಳಿದ್ದವು. ಮರುವರ್ಷ ಅಮೆರಿಕದಿಂದ ಬಂದ ಶಸ್ತ್ರವೈದ್ಯೆ ಡಾ. ರೆಬೆಕಾ ನೇಲರ್ 2002ರವರೆಗೂ ಅಲ್ಲಿನ ಸೇವೆಗೆ ತಮ್ಮನ್ನು ತೆತ್ತುಕೊಂಡರು. ದಾದಿಯರ ಶಾಲೆಗೆ ಅವರ ಹೆಸರಿದೆ. ಆ ಆಸ್ಪತ್ರೆಯಲ್ಲಿ ಹುಟ್ಟಿದ, ಬದುಕಿ ಬಂದ ಎಲ್ಲ ಧರ್ಮದ ಜನ ನಮ್ಮ ಬೀದಿಗಳಲ್ಲಿದ್ದಾರೆ. ಬಂದು ನಿಂತವರ ಕೆಲಸ ಹೀಗೆ ಉಳಿಯುತ್ತದೆ.

1659ರಲ್ಲಿಯೇ ರೋಮಿನ ವಿಶ್ವಾಸ ಪ್ರಸಾರ ಮಂಡಳಿ ಏಷ್ಯಾಕ್ಕೆ ಹೊರಟ ಪ್ರೇಷಿತರಿಗೆ ಒಂದು ನಿರ್ದೇಶನ ನೀಡಿತ್ತು. ಅಲ್ಲಿಯ ಜನರ ರೂಢಿಗಳು ವಿಶ್ವಾಸಕ್ಕೂ ನೀತಿಗೂ ಸ್ಪಷ್ಟವಾಗಿ ವಿರುದ್ಧವಾಗಿರದಿದ್ದರೆ ಅವನ್ನು ಬದಲಿಸಲು ಹೋಗಬೇಡಿ, ನಿಮ್ಮ ದೇಶವನ್ನು ಹೊತ್ತುಕೊಂಡು ಹೋಗಬೇಡಿ ಎಂಬುದು ಅದರ ಆಶಯ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರೇಷಿತ ಕಾರ್ಯವನ್ನು ಕುರಿತ ತನ್ನ ಆಜ್ಞಾಪತ್ರದಲ್ಲಿ ಸ್ಥಳೀಯ ಭಾಷೆಯನ್ನು ಸರಾಗವಾಗಿ ಕಲಿಯಬೇಕೆಂದು ಮತ್ತೆ ಒತ್ತಿ ಹೇಳಿತು. ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ನೆರೆದವರೆಲ್ಲ ಶುಭಸಂದೇಶವನ್ನು ಕೇಳಿದ್ದು ತಮ್ಮ ತಮ್ಮ ಮಾತಿನಲ್ಲಿ. ಪವಿತ್ರಾತ್ಮರು ಅಂದು ಜನರ ಭಾಷೆಯನ್ನು ಬದಲಿಸಲಿಲ್ಲ, ಪ್ರೇಷಿತರ ನಾಲಗೆಯನ್ನು ಬದಲಿಸಿದರು. ಇದನ್ನು ನಾವು ಮರೆಯಬಾರದು.

ನಮ್ಮ ತಪ್ಪುಗಳು

ಬಂದವರ ತಪ್ಪಿಗಿಂತ ಬರಮಾಡಿಕೊಳ್ಳುವ ನಮ್ಮ ತಪ್ಪೇ ದೊಡ್ಡದು. ಮೊದಲನೆಯದು ವೇದಿಕೆ. ಪರದೇಶದ ಹುಡುಗನೊಬ್ಬ ಬಂದ ವಾರವೇ ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಮೈಕು ಕೊಟ್ಟು 'ನಮ್ಮ ಯುವಜನರಿಗೆ ಸಂದೇಶ' ಕೇಳುತ್ತೇವೆ. ಇಪ್ಪತ್ತು ವರ್ಷದಿಂದ ಅದೇ ನಿಲಯದಲ್ಲಿ ಅನ್ನ ಬೇಯಿಸುತ್ತಿರುವ ಅಮ್ಮ ಅಂದು ಹಿಂದಿನ ಸಾಲಿನಲ್ಲಿಯೂ ಕುಳಿತಿರುವುದಿಲ್ಲ, ಒಲೆಯ ಮುಂದಿರುತ್ತಾರೆ. ಬಿಳಿಯ ಚರ್ಮಕ್ಕೆ ನಾವು ಕೊಡುವ ಈ ಮರ್ಯಾದೆ ಅತಿಥಿಸತ್ಕಾರವಲ್ಲ, ಹಳೆಯ ದಾಸ್ಯದ ಉಳಿಕೆ. ಆ ಹುಡುಗನಿಗೂ ಇದರಿಂದ ಕೇಡೇ. ಕಲಿಯಲು ಬಂದವನನ್ನು ಮೊದಲ ದಿನವೇ ಗುರುವಾಗಿಸಿದರೆ ಅವನು ಕಲಿಯುವುದು ಯಾವಾಗ?

ಎರಡನೆಯದು ಇಂಗ್ಲಿಷ್. ಅವರೊಡನೆ ಮಾತನಾಡಿ ನಮ್ಮ ಮಕ್ಕಳ ಇಂಗ್ಲಿಷ್ ಸುಧಾರಿಸಲೆಂಬ ಆಸೆಯಿಂದ ಎಲ್ಲರೂ ಇಂಗ್ಲಿಷಿನಲ್ಲಿಯೇ ಮಾತಿಗಿಳಿಯುತ್ತೇವೆ. ಜರ್ಮನಿಯವರಿಗೋ ಪೋಲೆಂಡಿನವರಿಗೋ ಇಂಗ್ಲಿಷ್ ಕೂಡ ಪರಭಾಷೆಯೇ ಎಂಬುದು ನಮಗೆ ಹೊಳೆಯುವುದಿಲ್ಲ. ವರ್ಷವಿಡೀ ಬೆಂಗಳೂರಿನಲ್ಲಿದ್ದು 'ನೀರು', 'ಬೇಡ', 'ಸ್ವಲ್ಪ' ಎಂಬ ಮೂರು ಪದಗಳೊಡನೆ ಮರಳಿದವರನ್ನು ನಾವು ಕಂಡಿದ್ದೇವೆ. ಅದಕ್ಕೆ ಅವರನ್ನು ಬೈಯುವುದು ತರವಲ್ಲ. ಪೂಜೆ, ಪ್ರಾರ್ಥನೆಗಳಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ಈ ನಗರದ ಕನ್ನಡ ಕಥೋಲಿಕರು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಹಾಗೆ ಕೇಳುವ ನಾವೇ ಮನೆಬಾಗಿಲಿಗೆ ಬಂದ ಅತಿಥಿಗೆ ಒಂದು ವಾಕ್ಯ ಕನ್ನಡ ಕಲಿಸದಿದ್ದರೆ ನಮ್ಮ ಬೇಡಿಕೆಗೆ ಬೆಲೆಯೇನು?

ಮೂರನೆಯದು ಎಲ್ಲಕ್ಕಿಂತ ನೋವಿನದು. ಮೇಲೆ ಹೇಳಿದ ಜರ್ಮನ್ ಹುಡುಗಿ ಹನ್ನೊಂದು ತಿಂಗಳ ಬಳಿಕ ಊರಿಗೆ ಮರಳಿದಳು. ನಿಲಯದ ಒಂಬತ್ತು ವರ್ಷದ ಹುಡುಗನೊಬ್ಬ ಆಕೆಯನ್ನು ಬಹಳ ಹಚ್ಚಿಕೊಂಡಿದ್ದ. 'ಅಕ್ಕ ಯಾವಾಗ ಬರ್ತಾಳ್ರಿ?' ಎಂದು ಎರಡು ತಿಂಗಳು ಕೇಳಿದ. ನಾವು 'ಬರುತ್ತಾಳೆ, ಬರುತ್ತಾಳೆ' ಎಂದು ಸಮಾಧಾನ ಹೇಳಿದೆವು. ಅದು ಸುಳ್ಳೆಂದು ಅವನಿಗೂ ಗೊತ್ತಾಯಿತು. ಆಗಸ್ಟಿನಲ್ಲಿ ಮತ್ತೊಬ್ಬ ತರುಣಿ ಬಂದಳು. ಅಂಥದೇ ಚೀಲ, ಅಂಥದೇ ನಗು. ಮಕ್ಕಳೆಲ್ಲ ಸುತ್ತುವರಿದು ಹೆಸರು ಕೇಳಿದರೆ ಇವನು ಮಾತ್ರ ಗೋಡೆಗೊರಗಿ ನಿಂತಿದ್ದ. ಯಾಕೋ ಎಂದರೆ, 'ಹೆಸರು ಯಾಕ್ರಿ ಬೇಕು? ಇವ್ರೂ ಹೋಗ್ತಾರಲ್ರಿ' ಎಂದ.

ತಂದೆತಾಯಿಯರನ್ನು ಕಳೆದುಕೊಂಡೋ ಅವರಿಂದ ದೂರವಾಗಿಯೋ ಬಂದ ಮಗುವಿಗೆ ನಾವು ವರ್ಷಕ್ಕೊಬ್ಬ ಅಕ್ಕನನ್ನು, ಅಣ್ಣನನ್ನು ಕೊಟ್ಟು ಮತ್ತೆ ಕಸಿದುಕೊಳ್ಳುತ್ತಿದ್ದೇವೆ. ಬಂದವರ ಹೃದಯ ತುಂಬಿ ಹೋಗುತ್ತದೆ, ಉಳಿದ ಮಗುವಿನ ಹೃದಯ ಒಂದಿಷ್ಟು ಗಟ್ಟಿಯಾಗುತ್ತದೆ. ಇದರ ಲೆಕ್ಕ ಯಾವ ವಾರ್ಷಿಕ ವರದಿಯಲ್ಲಿಯೂ ಬರುವುದಿಲ್ಲ. ಆ ಹುಡುಗನ ಮಾತು ಕೇಳಿದ ದಿನದಿಂದ ನಮಗೆ ಈ ವ್ಯವಸ್ಥೆಯನ್ನು ಸುಮ್ಮನೆ ಹೊಗಳುವುದು ಸಾಧ್ಯವಾಗಿಲ್ಲ.

ಹಾಗಾದರೆ ಇವರು ಬರುವುದೇ ಬೇಡವೇ? ವಿಮಾನದ ಟಿಕೇಟಿನ ಹಣವನ್ನೇ ಕಳುಹಿಸಿದರೆ ಎಷ್ಟೋ ಮಕ್ಕಳ ಶುಲ್ಕ ಕಟ್ಟಬಹುದಲ್ಲ ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಆದರೂ ನಮ್ಮ ಉತ್ತರ ಬೇಡವೆಂದಲ್ಲ. ಹಣ ಕಳುಹಿಸುವವನು ದೂರದಲ್ಲಿಯೇ ಉಳಿಯುತ್ತಾನೆ. ಬಂದವನು ನಮ್ಮ ನೀರು ಕುಡಿದು, ನಮ್ಮ ಮಕ್ಕಳಿಂದ ತಿದ್ದಿಸಿಕೊಂಡು, ತಾನು ದಾನಿಯಲ್ಲ, ಬಂಧು ಎಂದು ತಿಳಿದು ಹೋಗುತ್ತಾನೆ. ಪ್ರಭು ಯೇಸುವೂ ಪರಲೋಕದಿಂದ ಕಾಣಿಕೆ ಕಳುಹಿಸಿ ಸುಮ್ಮನಾಗಲಿಲ್ಲ, ನಮ್ಮ ನಡುವೆ ಬಂದು ಬಡಗಿಯ ಮನೆಯಲ್ಲಿ ಮೂವತ್ತು ವರ್ಷ ಬಾಳಿದರು. ಬರುವುದು ತಪ್ಪಲ್ಲ, ಸಿದ್ಧತೆಯಿಲ್ಲದೆ ಬರುವುದು ತಪ್ಪು.

ಆದುದರಿಂದ ನಮ್ಮ ಸಂಸ್ಥೆಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಒಂದು ವರ್ಷಕ್ಕೆ ಕಡಿಮೆಯ ಅವಧಿಗೆ ಬರುವವರನ್ನು ಮಕ್ಕಳ ಆರೈಕೆಗೆ ಹಚ್ಚದೆ, ಕಚೇರಿ, ಅಡುಗೆಮನೆ, ತೋಟದ ಕೆಲಸಕ್ಕೆ ನೇಮಿಸಲಿ. ಮೊದಲ ಮೂರು ತಿಂಗಳು ಕನ್ನಡ ಕಲಿಕೆಯೇ ಅವರ ಮುಖ್ಯ ಕರ್ತವ್ಯವಾಗಲಿ. 2012ರ ಪೋಕ್ಸೊ ಕಾಯಿದೆ, 2015ರ ಬಾಲನ್ಯಾಯ ಕಾಯಿದೆಗಳು ಮಕ್ಕಳ ರಕ್ಷಣೆಗೆ ಬೇಲಿ ಹಾಕಿವೆ. ಬಂದವರು ಸ್ವದೇಶೀಯರಾಗಲಿ ಪರದೇಶೀಯರಾಗಲಿ, ಪೂರ್ವಾಪರ ವಿಚಾರಿಸದೆ ಮಕ್ಕಳ ಬಳಿ ಬಿಡಬಾರದು. ಹೊರಡುವ ದಿನವನ್ನು ಮಕ್ಕಳಿಗೆ ಮೊದಲೇ ನಿಜ ಹೇಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮಗುವಿಗೂ ಹೋಗದೆ ಉಳಿಯುವ ಒಬ್ಬ ಅಕ್ಕ, ಒಬ್ಬ ಅಣ್ಣ ಈ ಊರಿನಿಂದಲೇ ದೊರೆಯಲಿ.

ಮೇಲುಸೇತುವೆಯ ಕೆಳಗಿನ ಕಡಲು

ಈ ಕೊನೆಯ ಮಾತಿನಲ್ಲಿಯೇ ನಮ್ಮ ನಿಜವಾದ ಪ್ರಶ್ನೆ ಅಡಗಿದೆ. ಆ ಒಬ್ಬ ಅಕ್ಕ, ಒಬ್ಬ ಅಣ್ಣ ಎಲ್ಲಿದ್ದಾರೆ?

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರ ಬೆಂಗಳೂರಿನ ಮುಖವೇ ಬದಲಾಯಿತು. ಹೆಬ್ಬಾಳದ ಮೇಲುಸೇತುವೆಯ ಮೇಲೆ ಇರುಳು ಹಗಲೆನ್ನದೆ ಕಾರುಗಳು ಹರಿಯುತ್ತವೆ. ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಓದಿಗೆಂದು, ಉದ್ಯೋಗಕ್ಕೆಂದು ಅದೇ ದಾರಿಯಲ್ಲಿ ಕೆನಡಾ, ಜರ್ಮನಿ, ದುಬೈಗಳಿಗೆ ಹೊರಡುತ್ತಾರೆ. ನಾವು ಕಣ್ಣೀರಿನೊಂದಿಗೆ ಬೀಳ್ಕೊಡುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ, ಅವರವರ ಅನ್ನ ಅವರವರು ಹುಡುಕಬೇಕು. ಆದರೆ ಅವರು ಹೋಗುವ ದೇಶಗಳಿಂದಲೇ ಅವರ ವಯಸ್ಸಿನವರು ಸಂಬಳವಿಲ್ಲದೆ ನಮ್ಮ ಮಕ್ಕಳ ಹೇನು ತೆಗೆಯಲು ಬರುತ್ತಿದ್ದಾರೆ. ಒಂದೇ ವಿಮಾನ ನಿಲ್ದಾಣದಲ್ಲಿ ಒಬ್ಬರು ಇಳಿಯುತ್ತಾರೆ, ಒಬ್ಬರು ಏರುತ್ತಾರೆ. ಇಬ್ಬರೂ ಎದುರಾದರೆ ಏನು ಮಾತನಾಡಿಕೊಳ್ಳಬಹುದು?

ನಮ್ಮ ನಾಡಿನಿಂದ ಗುರುಗಳೂ ಧರ್ಮಭಗಿನಿಯರೂ ಆಫ್ರಿಕಾ, ಯೂರೋಪುಗಳಿಗೆ ಸೇವೆಗೆ ಹೋಗುತ್ತಿರುವುದು ನಿಜ. ಅಷ್ಟಕ್ಕೆ ಗೃಹಸ್ಥರಾದ ನಮ್ಮ ಪಾಲು ಸಂದಾಯವಾಯಿತೆಂದು ಭಾವಿಸುವುದು ಸಲ್ಲ. ಪರದೇಶಕ್ಕೆ ಹೋಗಲು ಎಲ್ಲರಿಗೂ ಅನುಕೂಲವಿಲ್ಲ ಎನ್ನುವವರು ಪ್ರೇಷಿತ ಕಾರ್ಯದ ಪೋಷಕಿಯಾದ ಲಿಸ್ಯುವಿನ ಸಂತ ತೆರೇಸಾರನ್ನು ನೆನೆಯಲಿ. 1927ರಲ್ಲಿ ಅವರಿಗೆ ಆ ಗೌರವ ಸಂದಾಗ, ಸಾವಿರಾರು ಹರದಾರಿ ಸಂಚರಿಸಿದ ಸಂತ ಫ್ರಾನ್ಸಿಸ್ ಝೇವಿಯರರ ಪಕ್ಕದಲ್ಲಿ ಅವರನ್ನು ನಿಲ್ಲಿಸಲಾಯಿತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ಆಕೆ ಮಠಕ್ಕೆ ಸೇರಿದ ಮೇಲೆ ಅದರ ಹೊಸ್ತಿಲು ದಾಟಿರಲಿಲ್ಲ.

ಕಡಲು ದಾಟಲೇಬೇಕೆಂದಿಲ್ಲ. ನಮಗೂ ಯಾದಗಿರಿಯ ಕೂಲಿಯವನಿಗೂ ನಡುವೆ ಒಂದು ಕಡಲಿದೆ. ಮೇಲುಸೇತುವೆಯ ಮೇಲೆ ಸಾಗುವ ನಮಗೆ ಕೆಳಗಿನ ತಗಡಿನ ಶೆಡ್ಡುಗಳು ಕಾಣುವುದಿಲ್ಲ. ನಮ್ಮ ಮಹಡಿಮನೆಯ ಇಟ್ಟಿಗೆ ಹೊತ್ತವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂಬುದು ನಮಗೆ ಗೊತ್ತಿಲ್ಲ. ಅವರ ಕನ್ನಡ ಕೇಳಿ ನಗುತ್ತೇವೆ. ಸಾವಿರಾರು ಮೈಲಿ ದೂರದಿಂದ ಬಂದ ಹುಡುಗಿ ಕಲಿತ ಮಾತನ್ನು ನಾವು ಕಲಿತಿಲ್ಲ. ಮೊದಲು ದಾಟಬೇಕಾದ ಕಡಲು ಇದೇ.

ದಾಟಿದವರು ಇಲ್ಲದಿಲ್ಲ. 1980ರಲ್ಲಿ ಈ ನಗರದಲ್ಲಿ ಓದುತ್ತಿದ್ದ ಸಲೇಸಿಯನ್ ಸಭೆಯ ಕೆಲವು ತರುಣ ವಿದ್ಯಾರ್ಥಿಗಳು ಬೀದಿಯ ಮಕ್ಕಳನ್ನು ಹುಡುಕಿಕೊಂಡು ಹೊರಟರು. ಅವರ ಬಳಿ ಕಟ್ಟಡವಿರಲಿಲ್ಲ. ಮಕ್ಕಳಿದ್ದಲ್ಲಿಗೆ ಹೋಗಿ, ಅವರೊಡನೆ ಕುಳಿತು ಮಾತನಾಡಿದರು. ಬೆಂಗಳೂರು ಓಣಿಯವರ ಸೇವಾ ಕೂಟ ಹುಟ್ಟಿದ್ದು ಹೀಗೆ. 'ಬಾಸ್ಕೊ' ಎಂದು ಎಲ್ಲರೂ ಕರೆಯುವ ಆ ಸಂಸ್ಥೆಯ ಪೂರ್ಣ ಹೆಸರು ಕನ್ನಡದ್ದು, ಅದರಲ್ಲಿ ಓಣಿ ಇದೆ ಎಂಬುದನ್ನು ನಮ್ಮ ಯುವಜನರು ಗಮನಿಸಬೇಕು. ಯಶವಂತಪುರಕ್ಕೆ ಹತ್ತಿರದ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠಕ್ಕೆ 1934ರಿಂದ ದೇಶದ ನಾನಾ ಕಡೆಯ ತರುಣರು ಗುರುಗಳಾಗಲು ಬಂದು ತರಬೇತಿ ಪಡೆದಿದ್ದಾರೆ. ಗುರುಗಳಾಗದವರಿಗೆ ಒಂದು ವರ್ಷದ ತರಬೇತಿಯೂ ಬೇಡವೇ?

ನಮ್ಮ ಸಲಹೆ ದೊಡ್ಡದೇನಲ್ಲ. ಪದವಿ ಮುಗಿಸಿದ ಪ್ರತಿಯೊಬ್ಬ ಯುವಕ ಯುವತಿಗೂ ಒಂದು ವರ್ಷ ಆಗದಿದ್ದರೆ ಆರು ತಿಂಗಳು, ಅದೂ ಆಗದಿದ್ದರೆ ವಾರಕ್ಕೆ ಎರಡು ಸಂಜೆ ಸೇವೆಗೆ ಮೀಸಲಿಡುವಂತೆ ಧರ್ಮಕೇಂದ್ರಗಳು ಕೇಳಲಿ. ಅದಕ್ಕೆ ಶೆಡ್ಡುಗಳ ಪಕ್ಕದಲ್ಲಿ ಒಂದು ಚಾಪೆ, ಒಂದು ಹಲಗೆ, ಒಂದು ದೀಪ ಸಾಕು. ಮಗುವಿನ ಧರ್ಮ ಯಾವುದೆಂದು ಕೇಳುವುದು ಬೇಡ, ಹೆಸರು ಕೇಳಿದರೆ ಸಾಕು. ಮುಂದಿನ ವರ್ಷವೂ ಆ ಹೆಸರು ನೆನಪಿರಬೇಕು. ಪರದೇಶದಿಂದ ಬಂದವರು ಇವರ ಜೊತೆ ಕೈಗೂಡಿಸಲಿ. ಆಗ ಬಂದವರು ಹೋದಾಗಲೂ ಮಗುವಿನ ಪಕ್ಕದ ಚಾಪೆ ಬರಿದಾಗುವುದಿಲ್ಲ. ಮಕ್ಕಳ ತಂದೆತಾಯಿಯರಿಗೂ ಇದರಿಂದ ಸಂಶಯ ನಿವಾರಣೆಯಾಗುತ್ತದೆ, ಯಾಕೆಂದರೆ ಸಂಜೆ ಪಾಠ ಹೇಳುವವನು ಬೆಳಗ್ಗೆ ಅದೇ ಬೀದಿಯಲ್ಲಿ ಹಾಲು ಕೊಳ್ಳಲು ಬರುವವನೇ ಆಗಿರುತ್ತಾನೆ.

ಗೋಡೆಗೊರಗಿ ನಿಂತಿದ್ದ ಹುಡುಗ ಈಗ ಏಳನೆಯ ತರಗತಿಯಲ್ಲಿದ್ದಾನೆ. ಆಟದಲ್ಲಿ ಚುರುಕು, ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಹೊಸಬರು ಯಾರೇ ಬಂದರೂ ಅವನು ಮೊದಲು ಕೇಳುವುದು ಒಂದೇ: 'ಎಷ್ಟು ದಿನ ಇರ್ತೀರಿ?' ಕಳೆದ ವಾರ ನಾವು ನೆರೆಮನೆಯ ಕಾಲೇಜು ಹುಡುಗನನ್ನು ಜೊತೆಗೆ ಕರೆದೊಯ್ದಿದ್ದೆವು. ಅವನಿಗೂ ಅದೇ ಪ್ರಶ್ನೆ ಎದುರಾಯಿತು. ಅವನು ಏನು ಹೇಳಲೆಂದು ನಮ್ಮ ಮುಖ ನೋಡಿದ. ಬಳಿಕ, 'ನನ್ನ ಮನೆ ಇಲ್ಲೇ ಕಣೋ, ಆ ನೀರಿನ ಟ್ಯಾಂಕಿನ ಹಿಂದೆ' ಎಂದ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲೆಕ್ಕದ ಪುಸ್ತಕ ತೆಗೆದ.

ಈ ವರ್ಷದ ಪ್ರೇಷಿತ ಭಾನುವಾರ ಹರಾಜಿನಲ್ಲಿ ಕಾಯಿ ಕೊಳ್ಳುವಾಗ ನಮ್ಮ ಓದುಗರು ಆ ಪ್ರಶ್ನೆಯನ್ನು ನೆನೆಯಲೆಂದು ನಮ್ಮ ಪ್ರಾರ್ಥನೆ. ಅದು ಪರದೇಶದವರಿಗಷ್ಟೇ ಕೇಳಿದ್ದಲ್ಲ.